ಹೊರುವವರು ಯಾರು?

ನಾಲ್ಕು ಜನ ಸೇರಿ ಪ್ರವಾಸ ಹೊರಡುವಾಗ ಸಾಮಾನ್ಯವಾಗಿ ಕೇಳಿಕೊಳ್ಳುವ ಪ್ರಶ್ನೆಗಳು ಮೂರು: ಎಲ್ಲಿಗೆ, ಎಷ್ಟು ಖರ್ಚು, ರಜೆ ಸಿಗುತ್ತಾ? ಕನೂ ಎಂಬ ಹಗುರ ದೋಣಿಯಲ್ಲಿ ಕಾಡಿನೊಳಗೆ ಹೋಗಿ, ಅಲ್ಲೇ ಟೆಂಟ್ ಹಾಕಿಕೊಂಡು ನಾಲ್ಕಾರು ದಿನ ಇದ್ದು ಬರುವ ಪ್ರವಾಸದಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ. ಬಂದು, ಈ ಮೂರನ್ನೂ ಹಿಂದಕ್ಕೆ ತಳ್ಳಿಬಿಡುತ್ತದೆ. ಇದನ್ನು ಹೊರುವವರು ಯಾರು?

ಮೇಲ್ನೋಟಕ್ಕೆ ಇದು ಲಗೇಜಿನ ಪ್ರಶ್ನೆ. ಸ್ವಲ್ಪ ಹೊತ್ತು ಅದರ ಜೊತೆ ಕೂತರೆ ನೀತಿಯ ಪ್ರಶ್ನೆ ಅನ್ನಿಸತೊಡಗುತ್ತದೆ. ಊರು ಬಿಟ್ಟು ಪುಣೆ, ಮುಂಬಯಿ, ಹೈದರಾಬಾದು ಸೇರಿ ಸಂಬಳದ ಬದುಕು ಕಟ್ಟಿಕೊಂಡ ನಮ್ಮಂಥವರಿಗೆ ಇದು ತುಸು ಹೆಚ್ಚೇ ತಾಗಬೇಕಾದ ಪ್ರಶ್ನೆ ಎಂದು ನನ್ನ ಅನಿಸಿಕೆ. ಯಾಕೆಂದರೆ ನಮ್ಮ ಅನುಕೂಲಗಳ ತೂಕ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅದು ಬೇರೆ ಯಾರದೋ ಬೆನ್ನ ಮೇಲೆ, ಬೇರೆ ಯಾವುದೋ ಲಿಫ್ಟಿನಲ್ಲಿ ಮೇಲೆ ಬರುತ್ತದೆ.

ನಾನು ಹೇಳುತ್ತಿರುವ ಕಾಡು ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರ ಅಂಚಿನಲ್ಲಿದೆ, ಕೆನಡಾದ ಗಡಿಗೆ ಅಂಟಿಕೊಂಡು. ಹೆಸರು ಬೌಂಡರಿ ವಾಟರ್ಸ್. ಹತ್ತು ಲಕ್ಷ ಎಕರೆಗೂ ಮಿಕ್ಕಿದ ಜಾಗ, ಸಾವಿರಕ್ಕೂ ಹೆಚ್ಚು ಸರೋವರಗಳು. ಒಳಗೆ ರಸ್ತೆಯಿಲ್ಲ, ಅಂಗಡಿಯಿಲ್ಲ, ಬಹುಪಾಲು ಸರೋವರಗಳಲ್ಲಿ ಮೋಟಾರು ದೋಣಿಗೂ ಅವಕಾಶವಿಲ್ಲ. ಕನೂ ಅಂದರೆ ಎರಡೂ ತುದಿ ಚೂಪಾದ, ಉದ್ದನೆಯ, ಹುಟ್ಟು ಹಾಕಿ ನಡೆಸುವ ದೋಣಿ. ಒಂದು ಸರೋವರ ಮುಗಿದ ಕಡೆ ದಡಕ್ಕೆ ಬಂದು, ಚೀಲಗಳನ್ನು ಬೆನ್ನಿಗೇರಿಸಿ, ದೋಣಿಯನ್ನೇ ಕವುಚಿ ಹೆಗಲ ಮೇಲಿಟ್ಟುಕೊಂಡು, ಕಾಡಿನ ಕಾಲುದಾರಿಯಲ್ಲಿ ನಡೆದು ಮುಂದಿನ ಸರೋವರಕ್ಕೆ ಇಳಿಸಬೇಕು. ಈ ಕಾಲುದಾರಿಗೂ ಈ ಹೊರುವ ಕೆಲಸಕ್ಕೂ ಒಂದೇ ಹೆಸರು, ಪೋರ್ಟೇಜ್. ಫ್ರೆಂಚಿನಿಂದ ಬಂದ ಮಾತು. ಹೊರುವುದು ಎಂದೇ ಅರ್ಥ. ನಮ್ಮ ಕಾವೇರಿ ದಂಡೆಯಲ್ಲಿ ಹರಿಗೋಲಿನವರು ಹೊಳೆಯ ಸೆಳವಿನಲ್ಲಿ ಕೆಳಗಿಳಿದ ಮೇಲೆ ಹರಿಗೋಲನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಮೇಲಕ್ಕೆ ನಡೆಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

2016ರಿಂದ ಎರಡು ವರ್ಷ ನಾನು ಕಂಪನಿ ಕೆಲಸದ ಮೇಲೆ ಮಿನ್ನಿಯಾಪೊಲಿಸ್‌ನಲ್ಲಿದ್ದೆ. 2017ರ ಸೆಪ್ಟೆಂಬರಿನಲ್ಲಿ ನಾಲ್ಕು ಜನ, ಎರಡು ದೋಣಿ, ಐದು ರಾತ್ರಿ ಎಂದು ಲೆಕ್ಕ ಹಾಕಿಕೊಂಡು ಅಲ್ಲಿಗೆ ಹೋಗಿದ್ದೆವು. ನಾನು, ನಮ್ಮ ತಂಡದ ತೆಲುಗು ಗೆಳೆಯ, ಅಲ್ಲಿನವನೇ ಆದ ಐವತ್ತೈದು ದಾಟಿದ ಸಹೋದ್ಯೋಗಿ, ಕಾಲೇಜಿನಲ್ಲಿ ಓದುತ್ತಿದ್ದ ಅವನ ಮಗಳು. ಅಪ್ಪ ಮಗಳಿಗೆ ಇದು ಪ್ರತಿ ವರ್ಷದ ಯಾತ್ರೆ. ನಮ್ಮಿಬ್ಬರಿಗೆ ಮೊದಲನೆಯದು.

ಪ್ಲಾನಿಂಗ್ ನನ್ನ ಕಸುಬು. ಆದರೆ ಈ ಪ್ರವಾಸದ ಪ್ಲಾನಿಂಗ್ ನನ್ನ ಕಸುಬಿನದ್ದಕ್ಕಿಂತ ಕಟ್ಟುನಿಟ್ಟು. ಮೇ 1ರಿಂದ ಸೆಪ್ಟೆಂಬರ್ 30ರ ತನಕ ರಾತ್ರಿ ಉಳಿಯುವವರಿಗೆ ಪರವಾನಗಿ ಕೋಟಾ ಇದೆ. ಒಂದೊಂದು ಪ್ರವೇಶದ್ವಾರದಿಂದ ದಿನಕ್ಕೆ ಇಷ್ಟೇ ಗುಂಪು. ಜನವರಿಯಲ್ಲೇ ಕಾಯ್ದಿರಿಸುವಿಕೆ ಶುರುವಾಗುತ್ತದೆ. ಒಂದು ಗುಂಪಿನಲ್ಲಿ 9 ಜನ, 4 ದೋಣಿ ಮೀರುವಂತಿಲ್ಲ. ಗಾಜಿನ ಬಾಟಲಿ, ತಗಡಿನ ಡಬ್ಬಿಯ ಆಹಾರ ಒಳಗೆ ಒಯ್ಯುವಂತಿಲ್ಲ. ಕಸ ಏನಿದ್ದರೂ ಮರಳಿ ಹೊತ್ತು ತರಬೇಕು. ಊಟದ ಚೀಲವನ್ನು ಕರಡಿಗೆ ಎಟುಕದಂತೆ ಮರಕ್ಕೆ ನೇತುಹಾಕಬೇಕು, ಇಲ್ಲವೇ ಕರಡಿಗೆ ತೆರೆಯಲಾಗದ ಡಬ್ಬಿಯಲ್ಲಿಡಬೇಕು. ಗೊತ್ತುಮಾಡಿದ ಜಾಗದಲ್ಲೇ ತಂಗಬೇಕು, ಅಲ್ಲಿರುವ ಕಬ್ಬಿಣದ ಜಾಲರಿಯ ಒಲೆಯಲ್ಲೇ ಬೆಂಕಿ ಹಾಕಬೇಕು. ಹಸಿ ಮರ ಮುಟ್ಟುವಂತಿಲ್ಲ, ಬಿದ್ದ ಒಣ ಕಟ್ಟಿಗೆ ಮಾತ್ರ.

ನಕ್ಷೆಯಲ್ಲಿ ಪೋರ್ಟೇಜಿನ ಉದ್ದವನ್ನು ರಾಡ್ ಎಂಬ ಹಳೆಯ ಅಳತೆಯಲ್ಲಿ ಬರೆದಿರುತ್ತಾರೆ. ಒಂದು ರಾಡ್ ಅಂದರೆ ಹದಿನಾರೂವರೆ ಅಡಿ, ಹೆಚ್ಚುಕಡಿಮೆ ಒಂದು ಕನೂವಿನ ಉದ್ದ. ನಮ್ಮ ದಾರಿಯ ಅತಿ ದೊಡ್ಡ ಪೋರ್ಟೇಜ್ ಸುಮಾರು 200 ರಾಡ್, ಅಂದರೆ ಒಂದು ಕಿಲೋಮೀಟರ್. ಇಷ್ಟೇ ತಾನೆ ಅನ್ನಿಸಬಹುದು. ಸಾಮಾನು ಒಂದೇ ಸಲಕ್ಕೆ ಹೊರಲಾಗದಿದ್ದರೆ ಒಂದು ಸಲ ಹೊತ್ತುಹೋಗಿ, ಬರಿಗೈಲಿ ಮರಳಿ, ಮತ್ತೆ ಹೊತ್ತು ನಡೆಯಬೇಕು. ಒಂದು ಕಿಲೋಮೀಟರ್ ಮೂರಾಗುತ್ತದೆ. ಒಂದೇ ಒಂದು ಚೀಲ ಹೆಚ್ಚಾದರೂ ಸಾಕು, ಯಾರೋ ಒಬ್ಬರ ನಡಿಗೆ ಮೂರು ಪಟ್ಟಾಗುತ್ತದೆ. ಎಂಟೆಕ್ ಓದಿದ ತಲೆಗೆ ಈ ಲೆಕ್ಕ ಕ್ಷಣದಲ್ಲಿ ಹೊಳೆಯಿತು. ಹೆಗಲಿಗೆ ಹೊಳೆಯಲು ಎರಡು ದಿನ ಬೇಕಾಯಿತು.

ಊಟದ ಪಟ್ಟಿಯಲ್ಲಿ ಮಾತ್ರ ನಮ್ಮ ಕಡೆಯವರೇ ಮುಂದು ಎಂದು ಜಂಬದಿಂದ ಹೇಳಬಲ್ಲೆ. ಹುರಿದ ರವೆ, ಗಟ್ಟಿ ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು, ಬೆಲ್ಲ, ಹೆಸರುಬೇಳೆ. ಹಗುರ, ಕೆಡುವುದಿಲ್ಲ, ನೀರು ಕಾದರೆ ಊಟ ಸಿದ್ಧ. ಕಟ್ಟುಬುತ್ತಿಯ ಜ್ಞಾನ ನಮ್ಮ ಅಜ್ಜಿಯಂದಿರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗೆಳೆಯನ ಆವಕಾಯಿ ಗಾಜಿನ ಬಾಟಲಿಯಿಂದ ಪ್ಲಾಸ್ಟಿಕ್ ಡಬ್ಬಿಗೆ ವರ್ಗವಾಯಿತು.

ತಕರಾರು ಬಂದದ್ದು ಮಡಚುವ ಕುರ್ಚಿಯ ಬಗ್ಗೆ. ಗೆಳೆಯನಿಗೆ ಬೆನ್ನುನೋವು, ಒಂದು ಪುಟ್ಟ ಕುರ್ಚಿ ತರಬೇಕೆಂದಿದ್ದ. ಆ ಹಿರಿಯ ಸಹೋದ್ಯೋಗಿ ಬೇಡ ಅನ್ನಲಿಲ್ಲ. ‘ತಗೊಂಡು ಬಾ. ಮೊದಲನೇ ಪೋರ್ಟೇಜಿನಲ್ಲಿ ಅದು ನಿನ್ನ ಕುರ್ಚಿ. ಮೂರನೆಯದರ ಹೊತ್ತಿಗೆ ನಮ್ಮೆಲ್ಲರ ಕುರ್ಚಿ’ ಅಂದ. ನನ್ನ ವಸ್ತು ನನ್ನ ಹೊರೆ ಎಂಬ ಮಾತು ಕೇಳಲು ನ್ಯಾಯವಾಗಿದೆ. ಆದರೆ ಕಾಡಿನಲ್ಲಿ ಅದು ಬಹಳ ದೂರ ನಡೆಯುವುದಿಲ್ಲ. ದಣಿದವನು ನಿಧಾನವಾದರೆ ಎಲ್ಲರೂ ನಿಧಾನ, ಕತ್ತಲಾಗುವ ಮುನ್ನ ತಂಗುವ ಜಾಗ ಸಿಗದಿದ್ದರೆ ಎಲ್ಲರಿಗೂ ಸಿಗುವುದಿಲ್ಲ. ಒಬ್ಬನ ಆಸೆ ಎಲ್ಲೋ ಒಂದು ಕಡೆ ಎಲ್ಲರ ತೂಕವಾಗುತ್ತದೆ. ಕುರ್ಚಿ ಬಂತು. ಸರದಿಯ ಮೇಲೆ ಹೊತ್ತೆವು, ಸರದಿಯ ಮೇಲೆ ಕೂತೆವು.

ಸುಖದ ಮಾತೂ ಹೇಳಬೇಕು, ಇಲ್ಲದಿದ್ದರೆ ಇದೆಲ್ಲ ಬರೀ ಶಿಕ್ಷೆ ಅನ್ನಿಸೀತು. ಕನೂ ಹೊರುವಾಗ ಅದರ ನಡುವಿನ ಅಡ್ಡಪಟ್ಟಿ ಹೆಗಲ ಮೇಲೆ ಕೂರುತ್ತದೆ, ತಲೆ ದೋಣಿಯ ಒಳಗಿರುತ್ತದೆ. ಕಾಣುವುದು ಮುಂದಿನ ಎರಡು ಮೂರು ಮಾರು ದಾರಿ, ಬೇರು, ಕಲ್ಲು, ಕೆಸರು. ಉಸಿರಿನ ಸದ್ದು ದೋಣಿಯ ಹೊಟ್ಟೆಯಲ್ಲಿ ಮೊಳಗುತ್ತದೆ. ಕೆವ್ಲಾರಿನ ಹಗುರ ಕನೂವೂ ಸುಮಾರು 20 ಕಿಲೋ ತೂಗುತ್ತದೆ. ಇನ್ನು ಆಗದು ಅನ್ನಿಸುವ ಹೊತ್ತಿಗೆ ಮರಗಳ ಸಂದಿಯಲ್ಲಿ ನೀರು ಮಿಂಚುತ್ತದೆ. ಮೊಣಕಾಲುದ್ದ ನೀರಿಗಿಳಿದು ದೋಣಿಯನ್ನು ಇಳಿಸಿ, ಹತ್ತಿ ಕೂತು, ಒಂದು ಹುಟ್ಟು ಹಾಕಿದರೆ ಸಾಕು, ಇಷ್ಟು ಹೊತ್ತು ನಾವು ಹೊತ್ತ ವಸ್ತು ನಮ್ಮನ್ನು ಹೊತ್ತು ಸಾಗುತ್ತದೆ. ಆ ಹಗುರತನ ದುಡ್ಡಿಗೆ ಸಿಗುವಂಥದ್ದಲ್ಲ.

ಮೂರನೆಯ ದಿನ ನೈಫ್ ಲೇಕ್ ಎಂಬ ಉದ್ದನೆಯ ಸರೋವರದಲ್ಲಿ ಗಾಳಿ ಎದ್ದಿತು. ಅಲೆಗಳ ತಲೆ ಬೆಳ್ಳಗಾದರೆ ಕನೂ ಇಳಿಸಬಾರದು ಎಂಬುದು ಅಲ್ಲಿನ ಪಾಠ. ಇಡೀ ದಿನ ದಡದಲ್ಲೇ ಇದ್ದೆವು. ಇದಕ್ಕೆಂದೇ ಒಂದು ಖಾಲಿ ದಿನವನ್ನು ಲೆಕ್ಕದಲ್ಲಿ ಇಟ್ಟಿದ್ದೆವು. ಆಫೀಸಿನಲ್ಲಿ ಬಫರ್ ಎಂದು ನಾವು ಬರೆಯುವ ದಿನಗಳನ್ನು ಗ್ರಾಹಕ ಮೊದಲ ಸಭೆಯಲ್ಲೇ ಹೊಡೆದುಹಾಕುತ್ತಾನೆ. ಸರೋವರದ ಜೊತೆ ಅಂಥ ಚೌಕಾಸಿ ನಡೆಯದು. ಅವಲಕ್ಕಿ ತಿಂದೆವು, ಟೀ ಕಾಯಿಸಿದೆವು, ಹುಡುಗಿ ಪುಸ್ತಕ ಓದಿದಳು, ಅವಳಪ್ಪ ಬಂಡೆಯ ಮೇಲೆ ನಿದ್ದೆ ಹೋದ. ಸಂಜೆ ಗಾಳಿ ನಿಂತ ಮೇಲೆ ಲೂನ್ ಹಕ್ಕಿ ಕೂಗಿತು. ಅಳುವೋ ನಗುವೋ ತಿಳಿಯದ ಕೂಗು. ಒಳ್ಳೆಯ ಪ್ಲಾನ್ ಇದ್ದದ್ದರಿಂದಲೇ ಪ್ಲಾನನ್ನು ಮರೆತು ಕೂರಲು ಸಾಧ್ಯವಾದ ದಿನ ಅದು.

ಕೆನಡಾದ ಪ್ರಧಾನಿಯಾಗಿದ್ದ ಪಿಯರ್ ಟ್ರುಡೋ ತರುಣನಾಗಿದ್ದಾಗ, 1944ರಲ್ಲಿ, ಕನೂ ಪ್ರಯಾಣಿಕನನ್ನು ತಪಸ್ವಿಗೆ ಹೋಲಿಸಿ ಒಂದು ಪ್ರಬಂಧ ಬರೆದಿದ್ದರು. ಕಷ್ಟವನ್ನು ತಾನಾಗಿ ಆರಿಸಿಕೊಂಡವನಿಗೆ ಒಂದು ಒಳಗಿನ ಶುದ್ಧಿ ದೊರೆಯುತ್ತದೆ ಎಂಬ ಭಾವನೆ ಬಹಳ ಜನರಿಗಿದೆ. ಮ್ಯಾರಥಾನ್ ಓಡುವ, ಸಹ್ಯಾದ್ರಿಯ ಕೋಟೆ ಹತ್ತುವ ನಮ್ಮ ಗೆಳೆಯರಲ್ಲೂ ಇದೆ. ನನಗೂ ಐದನೆಯ ದಿನ ಹಾಗೇ ಅನ್ನಿಸಿತ್ತು. ಮರಳಿ ಬಂದ ರಾತ್ರಿ ತಿಪಟೂರಿಗೆ ಫೋನ್ ಮಾಡಿ ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು ಅಂದಳು: ‘ಅಲ್ಲ ಕಣೋ, ದುಡ್ಡು ಕೊಟ್ಟು ಮೂಟೆ ಹೊರೋಕೆ ಅಷ್ಟು ದೂರ ಹೋಗ್ಬೇಕಿತ್ತಾ? ಇಲ್ಲಿಗೇ ಬಾ, ತೋಟದಲ್ಲಿ ಕಾಯಿ ಹೊರೋದಿದೆ. ಪುಕ್ಕಟೆ.’

ನಕ್ಕೆವು. ಆದರೆ ಅಮ್ಮನ ಮಾತಿನಲ್ಲಿ ನಗುವಿನ ಕೆಳಗೆ ಒಂದು ಆಕ್ಷೇಪಣೆ ಇದೆ, ಮತ್ತು ಅದಕ್ಕೆ ಉತ್ತರ ಸುಲಭವಲ್ಲ. ಹತ್ತು ವರ್ಷದವಳಿದ್ದಾಗಿನಿಂದ ಸೌದೆ ಹೊರೆ, ನೀರಿನ ಕೊಡ, ಹುಲ್ಲಿನ ಕಂತೆ ಹೊತ್ತವಳು ಅವಳು. ಅದರಿಂದ ಅವಳಿಗೆ ಯಾವ ಶುದ್ಧಿಯೂ ದೊರೆಯಲಿಲ್ಲ. ಕತ್ತು ನೋವು ದೊರೆಯಿತು. ಅವಳ ಹೊರೆಗೆ ಪರವಾನಗಿಯ ಕೊನೆಯ ದಿನಾಂಕ ಇರಲಿಲ್ಲ.

ಬೌಂಡರಿ ವಾಟರ್ಸ್‌ನ ದಾರಿಗಳೂ ಇದೇ ಮಾತು ಹೇಳುತ್ತವೆ. ನಾವು ಮೋಜಿಗೆ ನಡೆದ ಕಾಲುದಾರಿಗಳನ್ನು ನಮಗಿಂತ ಬಹಳ ಹಿಂದೆ ಬಳಸಿದವರು ಓಜಿಬ್ವೆ ಜನ, ಭೂರ್ಜಮರದ ತೊಗಟೆಯಿಂದ ಕನೂ ಕಟ್ಟುತ್ತಿದ್ದವರು. ನಂತರ ಬಂದವರು ತುಪ್ಪಳದ ವ್ಯಾಪಾರದ ಕೂಲಿಗಳು. ವೊಯಾಜರ್ ಎಂದು ಅವರ ಹೆಸರು. ಒಂದೊಂದು ಕಂತೆ 90 ಪೌಂಡ್, ಅಂದರೆ 40 ಕಿಲೋ. ಅಂಥ ಎರಡು ಕಂತೆ ಒಬ್ಬನ ಬೆನ್ನಿಗೆ. ಸುಪೀರಿಯರ್ ಸರೋವರದಿಂದ ಹೊರಡುವ ಗ್ರ್ಯಾಂಡ್ ಪೋರ್ಟೇಜ್ ಎಂಟೂವರೆ ಮೈಲಿ ಉದ್ದ. ಅವರು ಅದನ್ನು ತಪಸ್ಸು ಎಂದು ಕರೆದಿರಲಾರರು. ಯೂರೋಪಿನ ಶ್ರೀಮಂತರ ಟೋಪಿಗೆ ಬೀವರ್ ತುಪ್ಪಳ ಬೇಕಿತ್ತು, ಅದನ್ನು ಯಾರಾದರೂ ಹೊರಬೇಕಿತ್ತು.

ಆ ಕಾಡನ್ನು ಈಗ ‘ವೈಲ್ಡರ್‌ನೆಸ್’ ಅನ್ನುತ್ತಾರೆ. 1964ರ ಅಮೆರಿಕದ ಕಾಯಿದೆ ಆ ಮಾತಿಗೆ ಕೊಡುವ ಅರ್ಥದಲ್ಲಿ ಮನುಷ್ಯ ಬಂದು ಹೋಗುವ ಅತಿಥಿ, ನೆಲೆಸುವವನಲ್ಲ. ಓಜಿಬ್ವೆಗಳಿಗೆ ಅದು ಮನೆಯಾಗಿತ್ತು. 1854ರ ಒಪ್ಪಂದದಲ್ಲಿ ನೆಲ ಬಿಟ್ಟುಕೊಟ್ಟರೂ ಅಲ್ಲಿ ಬೇಟೆಯಾಡುವ, ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡರು. 1978ರಲ್ಲಿ ಮೋಟಾರು ದೋಣಿಗಳಿಗೆ ಬಿಗಿಯಾದ ಮಿತಿ ಬಂತು. ಅದಕ್ಕೆ ಮುನ್ನ ನಡೆದ ಜಗಳದಲ್ಲಿ, ಆ ಕಾಡಿನ ಪರ ಜೀವನವಿಡೀ ಬರೆದ ಸಿಗರ್ಡ್ ಓಲ್ಸನ್ ಅವರ ಪ್ರತಿಕೃತಿಯನ್ನು ಅವರದೇ ಊರಾದ ಎಲಿಯಲ್ಲಿ ನೇಣಿಗೆ ಹಾಕಿದ್ದರು. ನೈಫ್ ಲೇಕ್‌ನ ದ್ವೀಪದಲ್ಲಿ ಡೊರೊತಿ ಮೋಲ್ಟರ್ ಎಂಬ ಹೆಂಗಸು ದಶಕಗಳ ಕಾಲ ಒಬ್ಬಳೇ ಬಾಳಿ, ಹಾದುಹೋಗುವ ದೋಣಿಯವರಿಗೆ ತಾನೇ ತಯಾರಿಸಿದ ರೂಟ್ ಬಿಯರ್ ಎಂಬ ಸಿಹಿ ಪಾನೀಯ ಕೊಡುತ್ತಿದ್ದಳು. 1986ರಲ್ಲಿ ಅವಳು ತೀರಿಕೊಂಡ ಮೇಲೆ ಅವಳ ಮರದ ಮನೆಗಳನ್ನು ಬಿಚ್ಚಿ ಎಲಿಗೆ ಸಾಗಿಸಿ ಮ್ಯೂಸಿಯಂ ಮಾಡಿದರು. ಆ ದ್ವೀಪದ ಪಕ್ಕದಲ್ಲೇ ನಾವು ಹಾದುಹೋದೆವು. ನಮಗೆ ಸಿಕ್ಕ ನಿರ್ಜನತೆಗೂ ಯಾರೋ ಬೆಲೆ ತೆತ್ತಿದ್ದಾರೆ. ಕಾಡು ಉಳಿದದ್ದು ಒಳ್ಳೆಯದೇ. ಆದರೆ ಉಳಿಸಿದ ಖರ್ಚಿನಲ್ಲಿ ಯಾರ ಪಾಲು ಎಷ್ಟು ಎಂದು ಕೇಳುವುದು ಕಾಡಿಗೆ ದ್ರೋಹವಲ್ಲ. ನಾಗರಹೊಳೆಯ ಜೇನುಕುರುಬರ ಕತೆ ಗೊತ್ತಿರುವ ಕನ್ನಡದವರಿಗೆ ಈ ಪ್ರಶ್ನೆ ಹೊಸದೂ ಅಲ್ಲ.

ಹಾಗಾದರೆ ಆರಿಸಿಕೊಂಡ ಹೊರೆಗೆ ಬೆಲೆಯೇ ಇಲ್ಲವೇ? ಅದು ಬಡತನದ ಅನುಭವ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಬೇಡ ಅನ್ನಿಸಿದಾಗ ಇಳಿಸಬಹುದಾದ ಹೊರೆಗೂ ಇಳಿಸಲಾಗದ ಹೊರೆಗೂ ನಡುವಿನ ಅಂತರವನ್ನು ಐದು ದಿನದ ಬೆವರು ತುಂಬಲಾರದು. ನನಗೆ ಕಾಣುವ ಬೆಲೆ ಸಣ್ಣದು, ಆದರೆ ಗಟ್ಟಿಯಾದದ್ದು: ಅದು ಮೈಗೆ ಒಂದು ಅಳತೆಗೋಲು ಕೊಡುತ್ತದೆ. 20 ಕಿಲೋ ಅಂದರೆ ಏನು ಎಂದು ಈಗ ನನ್ನ ಹೆಗಲಿಗೆ ಗೊತ್ತು.

ಪುಣೆಯ ನಮ್ಮ ಕಟ್ಟಡದಲ್ಲಿ ನಾನಿರುವುದು ನಾಲ್ಕನೆಯ ಮಹಡಿ. ಕುಡಿಯುವ ನೀರಿನ 20 ಲೀಟರಿನ ಕ್ಯಾನ್ ತರುವ ಹುಡುಗ ಅದನ್ನು ಹೆಗಲ ಮೇಲೆ ತರುತ್ತಾನೆ. 20 ಲೀಟರ್ ನೀರು, 20 ಕಿಲೋ. ಸರಿಯಾಗಿ ಒಂದು ಕನೂವಿನ ತೂಕ. ಲಿಫ್ಟ್ ಕೆಟ್ಟ ದಿನ ಅವನಿಗೆ ನಮ್ಮ ಮೆಟ್ಟಿಲೇ ಪೋರ್ಟೇಜ್, ಒಂದು ಬೆಳಿಗ್ಗೆಗೆ ಹದಿನೈದು ಮನೆ. ಕೊನೆಯಲ್ಲಿ ಮರಗಳ ಸಂದಿಯಲ್ಲಿ ಮಿಂಚುವ ನೀರಿಲ್ಲ, ಅವನು ಹೊತ್ತ ವಸ್ತು ಅವನನ್ನು ಹೊರುವುದೂ ಇಲ್ಲ. ಈ ಸಾಮ್ಯ ನನ್ನ ಕಣ್ಣಿಗೆ ಬಿದ್ದ ಮೇಲೆ ಸೊಸೈಟಿಯ ಸಭೆಯಲ್ಲಿ ಎರಡು ಮಾತು ಆಡಿದೆ: ಲಿಫ್ಟ್ ಕೆಟ್ಟ ದಿನ ಕ್ಯಾನುಗಳನ್ನು ಕೆಳಗೇ ಇಡಿಸೋಣ, ಅವರವರೇ ಎರಡು ಬಿಂದಿಗೆಯಲ್ಲಿ ಒಯ್ಯೋಣ. ವಯಸ್ಸಾದವರ ಮನೆಗೆ ನಾವು ಕೆಲವರು ಕೊಟ್ಟುಬರುತ್ತೇವೆ. ಅರ್ಧ ಜನ ಒಪ್ಪಿದರು. ಇನ್ನರ್ಧ, ‘ಅದಕ್ಕೇ ತಾನೆ ದುಡ್ಡು ಕೊಡೋದು’ ಅಂದರು. ಆ ಮಾತಿಗೂ ತೂಕವಿದೆ. ಆ ದುಡ್ಡಿಲ್ಲದೆ ಅವನಿಗೆ ಹೊಟ್ಟೆಪಾಡಿಲ್ಲ. ಆದರೆ ದುಡ್ಡು ಹೊರುವವನನ್ನು ಗೊತ್ತುಮಾಡುತ್ತದೆ, ತೂಕವನ್ನು ಒಂದು ಗ್ರಾಂ ಕೂಡ ಇಳಿಸುವುದಿಲ್ಲ.

ತೂಕ ಇಳಿಸಲು ಯಾರಾದರೂ ಕೂತು ಲೆಕ್ಕ ಹಾಕಬೇಕು. ಇದೇ ಪುಣೆಯಲ್ಲಿ ಬಾಬಾ ಆಢಾವ್ ಹಮಾಲ್ ಪಂಚಾಯತ್ ಕಟ್ಟಿದರು. 1969ರಲ್ಲಿ ಮಹಾರಾಷ್ಟ್ರದಲ್ಲಿ ಮಾಥಾಡಿ ಕಾರ್ಮಿಕರಿಗಾಗಿ ಕಾಯಿದೆ ಬಂತು. ಮಾಥಾ ಎಂದರೆ ಮರಾಠಿಯಲ್ಲಿ ತಲೆ. ತಲೆಯ ಮೇಲೆ ಹೊರುವವರು ಮಾಥಾಡಿಗಳು. ಒಂದು ಕಾಲದಲ್ಲಿ ಧಾನ್ಯದ ಮೂಟೆ 100 ಕಿಲೋ ಇರುತ್ತಿತ್ತು, ಈಗ 50. ಮೂಟೆಯ ತೂಕ ದೇವರು ಕೊಟ್ಟದ್ದಲ್ಲ, ಯಾರೋ ಗೊತ್ತುಮಾಡಿದ್ದು, ಯಾರಾದರೂ ಬದಲಿಸಬಹುದಾದದ್ದು.

ಇಲ್ಲಿಗೆ ನನ್ನ ಕಸುಬೂ ಬಂದು ನಿಲ್ಲುತ್ತದೆ, ನಿಮ್ಮಲ್ಲಿ ಬಹಳ ಜನರದ್ದೂ. ನಾವು ಮೀಟಿಂಗಿನಲ್ಲಿ ಒಂದು ದಿನಾಂಕ ಹೇಳುತ್ತೇವೆ. ಹೇಳುವಾಗ ಅದಕ್ಕೆ ತೂಕವಿರುವುದಿಲ್ಲ, ಎಕ್ಸೆಲ್‌ನಲ್ಲಿ ಒಂದು ಚೌಕ ಅಷ್ಟೆ. ಆ ತೂಕ ಹುಟ್ಟುವುದು ಮೂರು ತಿಂಗಳ ಮೇಲೆ, ಕೆಲಸಕ್ಕೆ ಸೇರಿ ವರ್ಷವಾಗದ ಒಬ್ಬ ಹುಡುಗನ ಶನಿವಾರದ ರಾತ್ರಿಯಲ್ಲಿ, ಮಗುವನ್ನು ಮಲಗಿಸಿ ಮತ್ತೆ ಲ್ಯಾಪ್‌ಟಾಪ್ ತೆರೆಯುವ ಒಬ್ಬ ಹೆಣ್ಣುಮಗಳ ಕತ್ತಿನ ನೋವಿನಲ್ಲಿ. ದಿನಾಂಕ ಹೇಳಿದವರು ಹೊರುವವರಲ್ಲ. ಕನ್ನಡದಲ್ಲಿ ಹೊಣೆ ಹೊರುವುದು ಅನ್ನುತ್ತೇವೆ. ಹೊಣೆಗೂ ಹೊರೆಯಷ್ಟೇ ತೂಕ ಎಂದು ನಮ್ಮ ಭಾಷೆಗೆ ಗೊತ್ತು. ಹೊಣೆ ಒಬ್ಬರ ಹೆಸರಿನಲ್ಲಿ, ಹೊರೆ ಇನ್ನೊಬ್ಬರ ಬೆನ್ನಿನಲ್ಲಿ ಇರುವ ಏರ್ಪಾಡಿಗೆ ಆಫೀಸಿನಲ್ಲಿ ಒಳ್ಳೊಳ್ಳೆಯ ಹೆಸರುಗಳಿವೆ. ನನ್ನ ಪ್ಲಾನ್ ಹಾಳೆಯಲ್ಲಿ ನಾನೀಗ ಒಂದು ಕಾಲಂ ಹೆಚ್ಚಿಗೆ ಇಡುತ್ತೇನೆ: ಇದು ತಡವಾದರೆ ಹೊರುವವರು ಯಾರು? ಅಲ್ಲಿ ಒಂದೇ ಹೆಸರು ಮೂರು ಸಲ ಬಂದರೆ ದಿನಾಂಕ ಬದಲಾಗಬೇಕು, ಇಲ್ಲವೇ ಕೆಲಸ ಕಡಿಮೆಯಾಗಬೇಕು. ಯಾವಾಗಲೂ ಗೆಲ್ಲುತ್ತೇನೆ ಎಂದಲ್ಲ. ಆದರೆ ಪ್ರಶ್ನೆ ಹಾಳೆಯ ಮೇಲಿದ್ದರೆ ಅದನ್ನು ದಾಟಿಹೋಗಲು ಎಲ್ಲರಿಗೂ ಸ್ವಲ್ಪ ನಾಚಿಕೆಯಾಗುತ್ತದೆ.

ತಮಿಳುನಾಡಿನ ಹಳೆಯ ದಾರಿಗಳ ಬದಿಯಲ್ಲಿ ಸುಮೈತಾಂಗಿ ಎಂಬ ಕಲ್ಲುಗಳಿವೆ. ಎರಡು ನಿಂತ ಕಲ್ಲು, ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ, ತಲೆಯೆತ್ತರಕ್ಕೆ. ತಲೆಹೊರೆಯವರು ಯಾರ ಸಹಾಯವೂ ಇಲ್ಲದೆ ಹೊರೆಯನ್ನು ಅದರ ಮೇಲೆ ಜಾರಿಸಿ, ಸುಧಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಂಡು ಹೊರಡಬಹುದು. ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣುಮಕ್ಕಳ ನೆನಪಿಗೆ ಇಂಥ ಕಲ್ಲು ನಿಲ್ಲಿಸುವ ರೂಢಿಯಿತ್ತು. ಹೊರೆ ಇಳಿಸಲಾಗದೆ ಹೋದವಳ ಹೆಸರಿನಲ್ಲಿ ಮುಂದೆ ಬರುವವರಿಗೊಂದು ಆಸರೆ. ಬೌಂಡರಿ ವಾಟರ್ಸ್‌ನ ಪೋರ್ಟೇಜುಗಳಲ್ಲೂ ಹಿಂದೆ ಮರಗಳ ನಡುವೆ ಅಡ್ಡಮರ ಕಟ್ಟಿ, ದೋಣಿಯ ಮೂತಿಯನ್ನು ಅದಕ್ಕೆ ಆನಿಸಿ ಹೆಗಲು ಬಿಡಿಸಿಕೊಳ್ಳುವ ಏರ್ಪಾಡು ಇತ್ತು.

ಎರಡೂ ಕಡೆ ಅದನ್ನು ನಿಲ್ಲಿಸಿದವರಿಗೆ, ಮುಂದೆ ಅಲ್ಲಿ ಹಾಯುವವರ ಗುರುತಿರಲಿಲ್ಲ. ಆದರೆ ಆ ದಾರಿಯಲ್ಲಿ ಎಲ್ಲಿ ಬಂದಾಗ ಕತ್ತು ಸೋಲುತ್ತದೆ ಎಂಬುದು ಗೊತ್ತಿತ್ತು. ಪ್ಲಾನ್ ಮಾಡುವವರಿಗೆ ಇರಬೇಕಾದ ತಿಳಿವಳಿಕೆ ಇಷ್ಟೇ ಎಂದು ನನಗನ್ನಿಸುತ್ತದೆ. ಮುಂದಿನ ಸಲ ನೀವು ಕೊಡಚಾದ್ರಿಗೋ ರಾಯಗಡಕ್ಕೋ ಚೀಲ ಕಟ್ಟುವಾಗ, ಅಥವಾ ಸೋಮವಾರದ ಸಭೆಗೆ ದಿನಾಂಕ ಕಟ್ಟುವಾಗ, ಒಂದೊಂದನ್ನೂ ಕೈಯಲ್ಲಿ ಎತ್ತಿ ನೋಡಿ. ತೂಕ ಗೊತ್ತಾದ ಮೇಲೆ ಬೇಕೋ ಬೇಡವೋ ತೀರ್ಮಾನಿಸಿ.